ಪೈಲಟ್ ನಿದ್ದೆಗೂ ರದ್ದಾದ ವಿಮಾನಕ್ಕೂ ಏನು ಸಂಬಂಧ?

2025ರ ಡಿಸೆಂಬರ್ 3ರಂದು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ನಡೆಯಿತು. ನೆಂಟರಿಷ್ಟರೆಲ್ಲ ಬಂದು ಕೂತಿದ್ದರು. ಮದುಮಕ್ಕಳು ಮಾತ್ರ ಬಂದಿರಲಿಲ್ಲ. ಭುವನೇಶ್ವರದಿಂದ ಬೆಂಗಳೂರು ಮಾರ್ಗವಾಗಿ ಅವರು ಹತ್ತಬೇಕಿದ್ದ ಇಂಡಿಗೋ ವಿಮಾನ ತಡವಾಗುತ್ತಾ ಆಗುತ್ತಾ ಕೊನೆಗೆ ರದ್ದೇ ಆಗಿತ್ತು. ಅವರ ಕುರ್ಚಿಗಳಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತರು. ಮದುಮಕ್ಕಳು ತಾವಿದ್ದ ಊರಲ್ಲೇ ಸಿಂಗರಿಸಿಕೊಂಡು ವಿಡಿಯೋ ಕಾಲ್‌ನಲ್ಲಿ ಕಾಣಿಸಿಕೊಂಡರು. ಬಂದವರು ಸ್ಕ್ರೀನ್ ನೋಡಿ ಹರಸಿದರು.

ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನದಲ್ಲಿ ಇಂಡಿಗೋದ 2,507 ವಿಮಾನ ರದ್ದಾದವು, 1,852 ತಡವಾದವು. ಸಿಕ್ಕಿಹಾಕಿಕೊಂಡವರು 3 ಲಕ್ಷಕ್ಕೂ ಜಾಸ್ತಿ ಜನ. 5ನೇ ತಾರೀಕು ದೆಹಲಿಯಿಂದ ಹೊರಡಬೇಕಿದ್ದ ಇಂಡಿಗೋದ ಎಲ್ಲಾ ದೇಶೀಯ ವಿಮಾನಗಳನ್ನೂ ಮಧ್ಯರಾತ್ರಿವರೆಗೆ ನಿಲ್ಲಿಸಲಾಯಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಅದೇ ದಿನ ನೂರಕ್ಕೂ ಹೆಚ್ಚು ವಿಮಾನ ರದ್ದಾದವು.

ಆಮೇಲೆ ಬಂದ ಸುದ್ದಿಗಳು ಜನರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿದವು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡುವ ಹೊಸ ನಿಯಮದಿಂದ ಹೀಗಾಯಿತು ಅಂದರು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ನಿಯಮವನ್ನು ಸಡಿಲಿಸಿದರು. ಜನವರಿಯಲ್ಲಿ ಅದೇ ಕಂಪನಿಗೆ ದಂಡ ಹಾಕಿದರು. ನಿಯಮ ನಮ್ಮ ಸುರಕ್ಷತೆಗಾಗಿ ಇದ್ದರೆ ಸಡಿಲಿಸಿದ್ದು ಯಾಕೆ? ಸಡಿಲಿಸಬಹುದು ಅನ್ನುವುದಾದರೆ ತಂದಿದ್ದಾದರೂ ಯಾಕೆ? ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಿಯಮದಲ್ಲಿ ಇರುವುದೇನು

ಪೈಲಟ್ ಎಷ್ಟು ಹೊತ್ತು ಹಾರಾಟ ನಡೆಸಬಹುದು, ಎಷ್ಟು ಹೊತ್ತು ಡ್ಯೂಟಿಯಲ್ಲಿರಬಹುದು, ನಡುವೆ ಎಷ್ಟು ವಿಶ್ರಾಂತಿ ಬೇಕು ಅನ್ನುವ ಲೆಕ್ಕಕ್ಕೆ ಎಫ್‌ಡಿಟಿಎಲ್ ಅನ್ನುತ್ತಾರೆ. ಇದನ್ನು ಬರೆಯುವುದು ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ. ಇಂಥ ಮಿತಿಗಳು ಹೊಸದೇನಲ್ಲ, ಮೊದಲಿಂದಲೂ ಇವೆ. 2024ರ ಜನವರಿಯಲ್ಲಿ ಅವನ್ನು ಬಿಗಿ ಮಾಡಿದರು ಅಷ್ಟೇ.

ಮುಖ್ಯ ಬದಲಾವಣೆ ಮೂರು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಗಂಟೆ ಆಯಿತು. ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಎಂದಿದ್ದ 'ರಾತ್ರಿ' 6ರವರೆಗೆ ಎಂದಾಯಿತು. ರಾತ್ರಿ ಡ್ಯೂಟಿಯಲ್ಲಿ 6 ಲ್ಯಾಂಡಿಂಗ್‌ವರೆಗೆ ಅವಕಾಶ ಇದ್ದದ್ದು 2ಕ್ಕೆ ಇಳಿಯಿತು. ಜೊತೆಗೆ ರಾತ್ರಿ ಹಾರಾಟ 8 ಗಂಟೆ, ಡ್ಯೂಟಿ 10 ಗಂಟೆ ಮೀರುವಂತಿಲ್ಲ.

ನೋಡೋಕೆ ಚಿಕ್ಕದಾಗಿ ಕಾಣುವ ಆ 5ರಿಂದ 6ರ ಒಂದು ಗಂಟೆಯೇ ದೊಡ್ಡ ವಿಷಯ. ಬೆಳಗಿನ ಮೊದಲ ವಿಮಾನಗಳು ಆರು, ಆರೂವರೆಗೆಲ್ಲ ಹೊರಡುತ್ತವೆ. ಪೈಲಟ್ ಅದಕ್ಕೂ ಒಂದು ಗಂಟೆ ಮುಂಚೆ ಬಂದು ರಿಪೋರ್ಟ್ ಮಾಡಿಕೊಳ್ಳಬೇಕು. ಅಂದರೆ ನಾಲ್ಕು ಗಂಟೆಗೇ ಎದ್ದಿರಬೇಕು. ನಮ್ಮ ದೇಹದ ಗಡಿಯಾರ ಬೆಳಗಿನ 2ರಿಂದ 6ರವರೆಗೆ ತೀರಾ ಕೆಳಗಿಳಿದಿರುತ್ತದೆ. ರಾತ್ರಿ ಬಸ್ಸಿನ ಡ್ರೈವರ್‌ಗಳನ್ನು ಕೇಳಿ, ಕಣ್ಣು ಎಳೆಯುವುದು ಈ ಹೊತ್ತಿನಲ್ಲೇ ಅನ್ನುತ್ತಾರೆ. ಹಳೆ ನಿಯಮ ಐದಕ್ಕೇ ಬೆಳಗಾಯಿತು ಅಂತ ಲೆಕ್ಕ ಹಾಕುತ್ತಿತ್ತು. ಹೊಸ ನಿಯಮ ಆ ಒಂದು ಗಂಟೆಯನ್ನೂ ರಾತ್ರಿಗೆ ಸೇರಿಸಿದ ಕೂಡಲೇ ಅದುವರೆಗೆ ಹಗಲಿನ ಲೆಕ್ಕದಲ್ಲಿದ್ದ ಎಷ್ಟೋ ಡ್ಯೂಟಿಗಳು ರಾತ್ರಿ ಡ್ಯೂಟಿಗಳಾದವು.

ಬಜ್ಪೆಯ ಆ ಬೆಳಗು

ಪೈಲಟ್ ನಿದ್ದೆಯ ಮಾತು ಕನ್ನಡಿಗರಿಗೆ ದೂರದ ವಿಷಯ ಅಲ್ಲವೇ ಅಲ್ಲ.

2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರು ದಾಟುತ್ತಿದ್ದಂತೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಅದು ಗುಡ್ಡದ ತಲೆಯ ಮೇಲಿನ ಟೇಬಲ್‌ಟಾಪ್ ರನ್‌ವೇ. ವಿಮಾನ ನೆಲ ಮುಟ್ಟುವಾಗಲೇ ರನ್‌ವೇಯ ಅರ್ಧಕ್ಕಿಂತ ಜಾಸ್ತಿ ಹಿಂದೆ ಉಳಿದಿತ್ತು. ನಿಲ್ಲಲು ಜಾಗ ಸಾಲಲಿಲ್ಲ. ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು.

ಕಾಕ್‌ಪಿಟ್‌ನ ಧ್ವನಿಮುದ್ರಿಕೆ ಸಿಕ್ಕಿತು. ಎರಡು ಗಂಟೆಯ ಆ ಮುದ್ರಣದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಆಗಾಗ ಅವರ ಗೊರಕೆ ಕೇಳಿಸುತ್ತಿತ್ತು. ಇಳಿಯುವ ಹೊತ್ತಿಗೆ ಅವರು ಎದ್ದಿದ್ದರು. ಆದರೆ ಗಾಢ ನಿದ್ದೆಯಿಂದ ಎದ್ದವರಿಗೆ ಸ್ವಲ್ಪ ಹೊತ್ತು ಮಂಪರು ಇರುತ್ತದೆ ಅಲ್ವಾ, ಆಗ ಕಣ್ಣು ತೆರೆದಿದ್ದರೂ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಪೂರ್ತಿ ಮರಳಿರುವುದಿಲ್ಲ. ವಿಮಾನ ಎತ್ತರದಲ್ಲಿದೆ, ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ತನಿಖಾ ನ್ಯಾಯಾಲಯ ಇದನ್ನೇ ನೇರ ಕಾರಣ ಎಂದಿತು. ಆ ದೀರ್ಘ ನಿದ್ದೆಯ ಮಂಪರು ಅದಕ್ಕೆ ದಾರಿ ಮಾಡಿಕೊಟ್ಟಿತು ಎಂದೂ ಹೇಳಿತು.

ಆ ರಾತ್ರಿ ಆ ಸಿಬ್ಬಂದಿ ಮಾಡಿದ್ದು ಮಂಗಳೂರಿನಿಂದ ದುಬೈಗೆ ಹೋಗಿ ವಾಪಸ್ ಬರುವ ಕೆಲಸ. ಎರಡೇ ಎರಡು ಲ್ಯಾಂಡಿಂಗ್. ಹೊಸ ನಿಯಮ ರಾತ್ರಿ ಡ್ಯೂಟಿಗೆ ಬಿಟ್ಟುಕೊಡುವುದೂ ಅಷ್ಟನ್ನೇ. 2025ರ ಅಕ್ಟೋಬರ್‌ವರೆಗೆ ಇದ್ದ ನಿಯಮ ಆರು ಲ್ಯಾಂಡಿಂಗ್‌ವರೆಗೆ ಬಿಡುತ್ತಿತ್ತು. ಹೊಸ ನಿಯಮ ಪೈಲಟ್‌ಗಳಿಗೆ ಕೊಟ್ಟ ಐಷಾರಾಮ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನೊಂದು ಲೆಕ್ಕವೂ ಇದೆ. ಒಬ್ಬರು 17 ಗಂಟೆ ಒಂದೇ ಸಮನೆ ಎಚ್ಚರವಿದ್ದರೆ, ಅವರ ಚುರುಕು ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದ ಕೊನೆಯಲ್ಲೇ ಸಂಶೋಧಕರು ತೋರಿಸಿದ್ದಾರೆ. ನಮ್ಮ ರಸ್ತೆಯಲ್ಲಿ ಗಾಡಿ ಓಡಿಸೋರಿಗೆ ಇರುವ ಮಿತಿ 0.03%. ಪೈಲಟ್‌ಗೆ ಅದೂ ಇಲ್ಲ, ಸೊನ್ನೆಯೇ ಇರಬೇಕು. ಡ್ಯೂಟಿ ಶುರುವಾಗುವ ಮುಂಚೆ ಮೆಷಿನ್‌ಗೆ ಊದಿ ತೋರಿಸಬೇಕು. ನಿದ್ದೆಗೆ ಅಂಥ ಮೆಷಿನ್ ಇಲ್ಲ. ಎಷ್ಟು ದಣಿದಿದ್ದೀನಿ ಅಂತ ದಣಿದವರಿಗೇ ಸರಿಯಾಗಿ ಗೊತ್ತಾಗುವುದೂ ಇಲ್ಲ. ಹಾಗಾಗಿ ಇಲ್ಲಿ ನಂಬಿಕೊಳ್ಳಲು ಇರುವುದು ರೋಸ್ಟರ್‌ನ, ಅಂದರೆ ಡ್ಯೂಟಿ ಪಟ್ಟಿಯ, ಗಂಟೆ ಲೆಕ್ಕ ಒಂದೇ.

ಸುಮಾರು ಎರಡು ವರ್ಷದ ಎಳೆದಾಟ

2024ರ ಜನವರಿಯಲ್ಲಿ ನಿಯಮ ಬಂದಾಗ ಜೂನ್ 1ರೊಳಗೆ ಜಾರಿ ಎಂದಿತ್ತು. ವಿಮಾನಯಾನ ಕಂಪನಿಗಳು ಆಗಲ್ಲ ಅಂದವು. ಹೊಸ ಪೈಲಟ್‌ಗಳನ್ನು ತರಬೇತಿ ಕೊಟ್ಟು ತಯಾರು ಮಾಡಲು ಸಮಯ ಬೇಕು, ಇಲ್ಲದಿದ್ದರೆ ವಿಮಾನಗಳನ್ನು ಕಡಿಮೆ ಮಾಡಬೇಕಾಗುತ್ತದೆ ಎಂದವು. ಮಾರ್ಚ್‌ನಲ್ಲಿ ಡಿಜಿಸಿಎ ಜಾರಿಯನ್ನು ಮುಂದೂಡಿತು. ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟ್‌ನಲ್ಲಿ ಹೋರಾಡಿದವು. ಕೊನೆಗೆ 2025ರಲ್ಲಿ ಹಂತ ಹಂತವಾಗಿ ತರುವುದೆಂದು ಆಯಿತು: 22 ಅಂಶಗಳಲ್ಲಿ 15 ಜುಲೈ 1ರಿಂದ, ಉಳಿದದ್ದು ನವೆಂಬರ್ 1ರಿಂದ. ರಾತ್ರಿಯ ಹೊಸ ವ್ಯಾಖ್ಯೆ, ಎರಡು ಲ್ಯಾಂಡಿಂಗ್ ಮಿತಿ ಎಲ್ಲಾ ಈ ಎರಡನೇ ಕಂತಿನವು.

ಹೊರದೇಶಗಳಲ್ಲೂ ಇದು ಸುಲಭವಾಗಿ ಆದದ್ದಲ್ಲ. ಅಮೆರಿಕದ ಬಫಲೋ ಹತ್ತಿರ 2009ರ ಫೆಬ್ರವರಿಯಲ್ಲಿ ಒಂದು ವಿಮಾನ ಬಿದ್ದು 50 ಜನ ಸತ್ತ ಮೇಲೆ ಪೈಲಟ್ ದಣಿವಿನ ಬಗ್ಗೆ ದೊಡ್ಡ ಕೂಗೆದ್ದಿತು. ಅಲ್ಲಿನ ಹೊಸ ನಿಯಮ ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ತಯಾರಿಗೆ ಸಮಯ ಕೊಡುವುದು ತಪ್ಪಲ್ಲ. ಕೊಟ್ಟ ಸಮಯದಲ್ಲಿ ಏನು ನಡೆಯಿತು ಅನ್ನುವುದನ್ನು ಕೇಳಬೇಕು.

ಇಲ್ಲಿ ನಡೆದದ್ದು ಹೀಗೆ. ನವೆಂಬರ್ 1ಕ್ಕೆ ಬಿಗಿ ನಿಯಮ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಟೋಬರ್ ಕೊನೆಗೆ ಶುರುವಾದ ಚಳಿಗಾಲದ ವೇಳಾಪಟ್ಟಿಯಲ್ಲಿ ಇಂಡಿಗೋ ವಾರಕ್ಕೆ 15,014 ಹಾರಾಟಗಳಿಗೆ ಒಪ್ಪಿಗೆ ಪಡೆಯಿತು. ಹಿಂದಿನ ಚಳಿಗಾಲಕ್ಕಿಂತ ಇದು ಸುಮಾರು 9.7% ಜಾಸ್ತಿ. ಈ ಒಪ್ಪಿಗೆ 403 ವಿಮಾನಗಳ ಲೆಕ್ಕದ ಮೇಲೆ ಸಿಕ್ಕಿತ್ತು. ನಿಜವಾಗಿ ಹಾರಿದ್ದು ಅಕ್ಟೋಬರ್‌ನಲ್ಲಿ 339, ನವೆಂಬರ್‌ನಲ್ಲಿ 344. ಒಬ್ಬ ಪೈಲಟ್ ಮಾಡಬಹುದಾದ ರಾತ್ರಿ ಕೆಲಸ ಕಡಿಮೆಯಾಗುವ ಹೊತ್ತಿಗೇ ಕಂಪನಿ ಕೆಲಸವನ್ನು ಹೆಚ್ಚಿಸಿಕೊಂಡಿತು. ಡಿಜಿಸಿಎ ಅದಕ್ಕೆ ಸಹಿ ಹಾಕಿತು. ನನ್ನ ಪ್ರಕಾರ ಡಿಸೆಂಬರ್‌ನ ಗಲಾಟೆ ಶುರುವಾದದ್ದು ಈ ಸಹಿಯಲ್ಲಿ.

ಒಂದು ತಡ ಇಷ್ಟು ದೂರ ಹರಡುವುದು ಹೇಗೆ

ಒಂದು ಉದಾಹರಣೆ ತಗೊಳ್ಳೋಣ. ಇಬ್ಬರು ಪೈಲಟ್‌ಗಳು ರಾತ್ರಿ 9ಕ್ಕೆ ಬೆಂಗಳೂರಿನಲ್ಲಿ ಡ್ಯೂಟಿಗೆ ಬರುತ್ತಾರೆ. ಹತ್ತಕ್ಕೆ ಹೊರಟು ಕಾಲು ಕಮ್ಮಿ ಮೂರು ಗಂಟೆ ಹಾರಿ ದೆಹಲಿ ಸೇರುತ್ತಾರೆ. ಒಂದು ಗಂಟೆ ಅಲ್ಲಿ ಕಳೆದು ವಾಪಸ್ ಹೊರಟರೆ ನಾಲ್ಕೂವರೆ ಆಸುಪಾಸಿಗೆ ಬೆಂಗಳೂರು. ಎರಡು ಲ್ಯಾಂಡಿಂಗ್ ಮುಗಿಯಿತು. ಹಳೆ ನಿಯಮದಲ್ಲಾದರೆ ಇವರನ್ನೇ ಇನ್ನೊಂದು ಸಣ್ಣ ಹಾರಾಟಕ್ಕೆ ಹಾಕಲು ಲ್ಯಾಂಡಿಂಗ್ ಲೆಕ್ಕ ಅಡ್ಡ ಬರುತ್ತಿರಲಿಲ್ಲ. ಈಗ ಬೇರೆ ಇಬ್ಬರು ಬೇಕು.

ಇನ್ನು ದೆಹಲಿಯಲ್ಲಿ ಮಂಜು ಕವಿದು ಮೂರು ಗಂಟೆ ತಡವಾಯಿತು ಅನ್ನಿ. ವಾಪಸ್ ಬರುವಷ್ಟರಲ್ಲಿ 10 ಗಂಟೆಯ ಡ್ಯೂಟಿ ಮೀರುತ್ತದೆ. ಹಾಗಾಗಿ ಅವರು ಹೊರಡುವಂತಿಲ್ಲ. ವಿಮಾನ ಸರಿಯಾಗಿದೆ, ಪ್ರಯಾಣಿಕರು ಕೂತಿದ್ದಾರೆ, ಪೈಲಟ್ ಇಲ್ಲ. ಇಂಥ ಹೊತ್ತಿಗೆಂದೇ ಕಾಯ್ದಿರಿಸಿದ ಸ್ಟ್ಯಾಂಡ್‌ಬೈ ಪೈಲಟ್ ಇದ್ದರೆ ಕಳಿಸಬಹುದು. ಇಲ್ಲದಿದ್ದರೆ ಆ ವಿಮಾನ ದೆಹಲಿಯಲ್ಲೇ ಉಳಿಯುತ್ತದೆ. ಬೆಳಗ್ಗೆ ಅದೇ ವಿಮಾನ ಬೆಂಗಳೂರಿನಿಂದ ಬೇರೆ ಊರಿಗೆ ಹೋಗಬೇಕಿತ್ತು, ಅದೂ ಹೋಯಿತು. ಆ ಊರಿನಿಂದ ವಾಪಸ್ ಬರಬೇಕಿದ್ದವರೂ ಕಾಯುತ್ತಾ ಕೂತರು. ಪೈಲಟ್‌ಗಳು ಒಂದು ಊರಲ್ಲಿ, ಅವರು ಹಾರಿಸಬೇಕಾದ ವಿಮಾನ ಇನ್ನೊಂದು ಊರಲ್ಲಿ. ಒಂದೆರಡು ದಿನ ಹೀಗೇ ಆದರೆ ಯಾರು ಎಲ್ಲಿದ್ದಾರೆ ಅನ್ನುವ ಲೆಕ್ಕವೇ ಕೈತಪ್ಪುತ್ತದೆ.

ಡಿಸೆಂಬರ್‌ನ ಆ ವಾರ ಸಣ್ಣ ತಡಗಳಿಗೆ ಕೊರತೆ ಇರಲಿಲ್ಲ. ನವೆಂಬರ್ ಕೊನೆಯ ಶನಿವಾರ, ಭಾನುವಾರ ಏರ್‌ಬಸ್ ಎ320 ಮಾದರಿಯ ವಿಮಾನಗಳ ಸಾಫ್ಟ್‌ವೇರ್ ತುರ್ತಾಗಿ ಬದಲಿಸಬೇಕಾಯಿತು, ಇಂಡಿಗೋ ಬಳಿ ಇರುವುದು ಬಹುಪಾಲು ಅದೇ ವಿಮಾನ. ಹವಾಮಾನ, ನಿಲ್ದಾಣಗಳ ದಟ್ಟಣೆ, ತಾಂತ್ರಿಕ ತೊಂದರೆ ಎಂದು ಕಂಪನಿ ಕೂಡ ಪಟ್ಟಿ ಕೊಟ್ಟಿತು. ಇವೆಲ್ಲ ನಿಜವೇ. ಆದರೆ ಪ್ರತಿ ಚಳಿಗಾಲದಲ್ಲೂ ಇಂಥದ್ದು ಇದ್ದೇ ಇರುತ್ತದೆ. ಆಗೆಲ್ಲ ಈ ಪೆಟ್ಟನ್ನು ತಡೆದುಕೊಳ್ಳುತ್ತಿದ್ದದ್ದು ಪೈಲಟ್‌ಗಳ ಹೆಚ್ಚುವರಿ ದುಡಿಮೆ. ಇನ್ನೊಂದು ಲ್ಯಾಂಡಿಂಗ್ ಮಾಡಿ, ಇನ್ನೊಂದು ಗಂಟೆ ಇರಿ ಎನ್ನಲು ಹಳೆ ನಿಯಮದಲ್ಲಿ ಜಾಗವಿತ್ತು. ಹೊಸ ನಿಯಮ ಆ ಜಾಗವನ್ನು ಮುಚ್ಚಿತು. ಅದರ ಬದಲು ಸ್ಟ್ಯಾಂಡ್‌ಬೈ ಪೈಲಟ್‌ಗಳನ್ನು ಇಡಬೇಕಿತ್ತು, ಸಾಕಷ್ಟು ಇಟ್ಟಿರಲಿಲ್ಲ. ಹೊಸ ನಿಯಮಕ್ಕೆ 2,422 ಕ್ಯಾಪ್ಟನ್‌ಗಳು ಬೇಕಿದ್ದ ಕಡೆ ಇದ್ದದ್ದು 2,357 ಎಂದು ಲೆಕ್ಕ ಹೊರಬಂತು. ಕೊರತೆ 65. ಬಿಡುವೇ ಇಲ್ಲದ ವೇಳಾಪಟ್ಟಿಯಲ್ಲಿ ಅಷ್ಟೇ ಸಾಕಾಯಿತು.

ಅಕ್ಟೋಬರ್‌ನಲ್ಲಿ ಇಂಡಿಗೋದ 84.1% ವಿಮಾನಗಳು ಸಮಯಕ್ಕೆ ಸರಿಯಾಗಿ ಓಡಿದ್ದವು. ನವೆಂಬರ್‌ನಲ್ಲಿ ಅದು 67.7%ಕ್ಕೆ ಇಳಿಯಿತು. ಡಿಸೆಂಬರ್ 4ರಂದು 8.5%. ನವೆಂಬರ್ ಇಡೀ ತಿಂಗಳು ಈ ಇಳಿಕೆ ಕಣ್ಣಮುಂದೆಯೇ ಇತ್ತು.

ಯಾರು ಏನು ಹೇಳುತ್ತಾರೆ

ಕಂಪನಿಗಳ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಪೈಲಟ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಲೈಸೆನ್ಸ್ ಪಡೆಯಲು 200 ಗಂಟೆ ಹಾರಾಟ ಬೇಕು, ಆಮೇಲೆ ಆಯಾ ಮಾದರಿಯ ವಿಮಾನಕ್ಕೆ ಬೇರೆ ತರಬೇತಿ, ಕ್ಯಾಪ್ಟನ್ ಆಗಲು ಇನ್ನೂ ವರ್ಷಗಳ ಅನುಭವ. ಹುಬ್ಬಳ್ಳಿಯಂಥ ಊರಿಗೆ ಹೋಗುವ ಚಿಕ್ಕ ಎಟಿಆರ್ ವಿಮಾನದ ಪೈಲಟ್‌ನನ್ನು ಎ320ರಲ್ಲಿ ಕೂರಿಸಲು ಆಗಲ್ಲ. ಬೇರೆ ಕಂಪನಿಯಿಂದ ಕರೆತರೋಣ ಅಂದರೆ ಕ್ಯಾಪ್ಟನ್‌ಗಳಿಗೆ ಒಂದು ವರ್ಷದ ನೋಟಿಸ್, ಕೋ-ಪೈಲಟ್‌ಗಳಿಗೆ ಆರು ತಿಂಗಳು. ಪೈಲಟ್‌ಗಳು ಹೆಚ್ಚಾದರೆ ಸಂಬಳದ ಖರ್ಚು ಹೆಚ್ಚುತ್ತದೆ, ಅದು ಟಿಕೆಟ್ ಮೇಲೆ ಬೀಳುತ್ತದೆ ಅನ್ನುವುದೂ ಸುಳ್ಳಲ್ಲ.

ಪೈಲಟ್‌ಗಳ ಸಂಘಟನೆಗಳು ಇದಕ್ಕೆ ಕೊಡುವ ಉತ್ತರ ನೇರ. ತರಬೇತಿಗೆ ಸಮಯ ಬೇಕು ಅನ್ನುವ ಕಾರಣಕ್ಕೇ ನಿಯಮವನ್ನು 2024ರ ಜೂನ್‌ನಿಂದ 2025ರ ನವೆಂಬರ್‌ಗೆ ತಳ್ಳಲಾಗಿತ್ತು. ಆ ಸಮಯದಲ್ಲಿ ಜನರನ್ನು ತಗೊಳ್ಳದೆ ನೇಮಕಾತಿಯನ್ನೇ ಬಿಗಿಹಿಡಿದರು ಎಂದು ಅವರು ಆರೋಪಿಸುತ್ತಾರೆ. ಇದೇ ನಿಯಮ ಇದೇ ದಿನದಿಂದ ಎಲ್ಲಾ ಕಂಪನಿಗಳಿಗೂ ಬಂತು, ಬೇರೆ ಯಾರೂ ಹೀಗೆ ಕುಸಿಯಲಿಲ್ಲ ಎಂದೂ ತೋರಿಸುತ್ತಾರೆ. ಇಂಡಿಗೋದಷ್ಟು ರಾತ್ರಿ ಹಾರಾಟ ಉಳಿದವರಿಗೆ ಇಲ್ಲ, ಹಾಗಾಗಿ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಮೊದಲ ಮಾತಿಗೆ ಕಂಪನಿಯ ಕಡೆಯಿಂದ ಒಪ್ಪುವಂಥ ಉತ್ತರ ಬಂದಿಲ್ಲ ಅಂತಲೇ ನನಗನ್ನಿಸುತ್ತದೆ.

ಸಡಿಲಿಕೆ, ಆಮೇಲೆ ದಂಡ

ಡಿಸೆಂಬರ್ 5ರಂದು ಸರ್ಕಾರದ ಮುಂದೆ ಒಳ್ಳೆಯ ದಾರಿ ಯಾವುದೂ ಉಳಿದಿರಲಿಲ್ಲ. ದೇಶದೊಳಗೆ ಹಾರುವವರಲ್ಲಿ ನೂರಕ್ಕೆ ಸುಮಾರು 65 ಜನ ಇಂಡಿಗೋದಲ್ಲೇ ಹೋಗುತ್ತಾರೆ. ಅದು ನಿಂತರೆ ಉಳಿದ ಕಂಪನಿಗಳು ಅಷ್ಟು ಜನರನ್ನು ಹೊರಲಾರವು. ಉಳಿದ ಸೀಟುಗಳ ಬೆಲೆ ಗಗನಕ್ಕೇರಿತು. ಕೊನೆಗೆ ಸರ್ಕಾರವೇ 500 ಕಿ.ಮೀ.ವರೆಗೆ 7,500 ರೂಪಾಯಿ, 1,500 ಕಿ.ಮೀ. ಮೇಲ್ಪಟ್ಟು 18,000 ರೂಪಾಯಿ ಎಂದು ದರಕ್ಕೆ ಮಿತಿ ಹಾಕಬೇಕಾಯಿತು. ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ರಾತ್ರಿ ನಿಯಮಗಳಿಂದ ವಿನಾಯಿತಿ ಸಿಕ್ಕಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ಅಂಶವನ್ನು ಎಲ್ಲಾ ಕಂಪನಿಗಳಿಗೂ ಹಿಂತೆಗೆದುಕೊಂಡರು. ಜೊತೆಗೆ ಇಂಡಿಗೋ ತನ್ನ ಹಾರಾಟಗಳನ್ನು 10% ಇಳಿಸಬೇಕೆಂದು ಆದೇಶಿಸಿದರು.

ಈ ಎರಡು ಕ್ರಮಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಾರಾಟ ಇಳಿಸುವುದು ಸರಿಯಾದ ಮದ್ದು, ಇರುವ ಪೈಲಟ್‌ಗಳಿಗೆ ತಕ್ಕಷ್ಟು ಕೆಲಸ ಅಂತಾಗುತ್ತದೆ. ಅದನ್ನು ಅಕ್ಟೋಬರ್‌ನಲ್ಲೇ ಮಾಡಿದ್ದರೆ ವಿನಾಯಿತಿ ಬೇಕಾಗುತ್ತಲೇ ಇರಲಿಲ್ಲ. ವಿನಾಯಿತಿ ಅಂದರೆ ಕಂಪನಿಯ ಲೆಕ್ಕ ತಪ್ಪಿದ್ದಕ್ಕೆ ಪೈಲಟ್‌ನ ನಿದ್ದೆಯಿಂದ ಸಾಲ ತೆಗೆದ ಹಾಗೆ. ಅದೂ ಮಂಜು ಜಾಸ್ತಿ ಇರುವ, ಇಳಿಯುವುದೇ ಕಷ್ಟವಾದ ತಿಂಗಳುಗಳಲ್ಲಿ. ಹಾಗಂತ ಆ ಎರಡು ತಿಂಗಳು ವಿಮಾನ ಹತ್ತಲೇಬಾರದಿತ್ತು ಅಂತಲ್ಲ. ಅಕ್ಟೋಬರ್‌ವರೆಗೂ ಎಲ್ಲರೂ ಹಾರಿದ್ದು ಅದೇ ಹಳೆ ಮಿತಿಯಲ್ಲಿ. ಕಡಿಮೆ ಮಾಡಬೇಕೆಂದು ಒಪ್ಪಿಕೊಂಡಿದ್ದ ಒಂದು ಅಪಾಯವನ್ನು ಇನ್ನಷ್ಟು ದಿನ ಹಾಗೇ ಉಳಿಸಿಕೊಂಡರು, ಅಷ್ಟು ನಿಜ.

ಜನವರಿಯಲ್ಲಿ ಡಿಜಿಸಿಎ 22.20 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ, ಪೈಲಟ್‌ಗಳನ್ನು ಎಷ್ಟು ಸಾಧ್ಯವೋ ಅಷ್ಟೂ ಹಿಂಡುವಂತೆ ಯೋಜನೆ ಮಾಡಿ ಬಿಡುವೇ ಇಟ್ಟಿರಲಿಲ್ಲ, ನಿಯಮಕ್ಕೆ ಸಾಕಷ್ಟು ತಯಾರಿ ಮಾಡಿಕೊಂಡಿರಲಿಲ್ಲ ಎಂಬುದು ತನಿಖೆಯ ಸಾರ. ದಂಡದಲ್ಲಿ 20.40 ಕೋಟಿ ಬಂದದ್ದು ದಿನಕ್ಕೆ 30 ಲಕ್ಷದಂತೆ 68 ದಿನಕ್ಕೆ, ಡಿಸೆಂಬರ್ 5ರಿಂದ ಫೆಬ್ರವರಿ 10ರವರೆಗೆ. ಅಂದರೆ ವಿನಾಯಿತಿ ಕೊಟ್ಟ ದಿನಗಳೇ ದಂಡದ ದಿನಗಳು. ಗೊಂದಲ ಆಗಿದ್ದು ಇಲ್ಲೇ. ಜನ ಸಿಕ್ಕಿಹಾಕಿಕೊಳ್ಳಬಾರದು ಅಂತ ಹಾರಲು ಬಿಟ್ಟರು, ಹಾಗೆ ಬಿಡಬೇಕಾಗಿ ಬಂದದ್ದಕ್ಕೆ ದಂಡ ಕಟ್ಟಿಸಿಕೊಂಡರು. 2024-25ರಲ್ಲಿ ಇಂಡಿಗೋದ ಲಾಭ 7,258 ಕೋಟಿ, ದಿನಕ್ಕೆ ಸುಮಾರು 20 ಕೋಟಿ. ಈ ದಂಡ ಒಂದು ದಿನದ ಲಾಭಕ್ಕಿಂತ ತುಸು ಜಾಸ್ತಿ, ಅಷ್ಟೇ.

ಮುಂದಕ್ಕೆ

ನನಗೆ ಹೆಚ್ಚು ಚಿಂತೆ ಇರುವುದು ಈ ಲೆಕ್ಕದ ಬಗ್ಗೆಯೇ. ಒಂದು ಸ್ಟ್ಯಾಂಡ್‌ಬೈ ಪೈಲಟ್ ತಂಡಕ್ಕೆ ವರ್ಷಪೂರ್ತಿ ಸಂಬಳ ಕೊಡಬೇಕು, ಎಷ್ಟೋ ದಿನ ಅವರು ಹಾರುವುದೂ ಇಲ್ಲ. ಅದನ್ನು ಉಳಿಸಿ, ಎಡವಿದಾಗ ವಿನಾಯಿತಿ ಪಡೆದು ಒಂದು ದಿನದ ಲಾಭ ದಂಡ ಕಟ್ಟುವುದೇ ಅಗ್ಗ ಅಂತಾದರೆ, ಮುಂದಿನ ಸಲ ಯಾವ ಕಂಪನಿ ತಾನೇ ತಯಾರಾಗುತ್ತದೆ? ದೊಡ್ಡ ಕಂಪನಿ ನಿಂತರೆ ದೇಶವೇ ನಿಲ್ಲುತ್ತದೆ ಅನ್ನುವ ಸ್ಥಿತಿಯಲ್ಲಿ ನಿಯಮ ಹಿಂದೆ ಸರಿಯಬೇಕಾಗುತ್ತದೆ ಎಂದು ಎಲ್ಲರೂ ನೋಡಿಯಾಯಿತು. ಇಂಡಿಗೋ ಮತ್ತು ಏರ್ ಇಂಡಿಯಾ ಗುಂಪು ಸೇರಿದರೆ ದೇಶೀಯ ಪ್ರಯಾಣಿಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು. ಮೂರನೆಯ ದೊಡ್ಡ ಕಂಪನಿ ಬೆಳೆಯುವವರೆಗೆ ಈ ಪರಿಸ್ಥಿತಿ ಬದಲಾಗುವುದು ಕಷ್ಟ.

ಟಿಕೆಟ್ ಸ್ವಲ್ಪ ದುಬಾರಿಯಾಗಬಹುದು, ರಾತ್ರಿ ಹನ್ನೆರಡರ ಮೇಲಿನ ಅಗ್ಗದ ವಿಮಾನಗಳು ಕಡಿಮೆಯಾಗಬಹುದು. ಬೆಂಗಳೂರಿನಿಂದ ತಡರಾತ್ರಿ ಹೊರಟು ಬೆಳಗ್ಗೆ ಆಫೀಸಿಗೆ ತಲುಪುವವರಿಗೆ ಇದು ತಟ್ಟುತ್ತದೆ. ಆ ಬೆಲೆ ಕೊಡುವುದು ಸರಿ ಅನ್ನುವುದು ನನ್ನ ಅಭಿಪ್ರಾಯ.

ಡಿಜಿಸಿಎ ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ವೇಳಾಪಟ್ಟಿಗೆ ಒಪ್ಪಿಗೆ ಕೊಡುತ್ತದೆ. ಪ್ರತಿ ಕಂಪನಿ ಎಷ್ಟು ಹಾರಾಟ ಕೇಳಿದೆ ಎಂಬ ಸಂಖ್ಯೆ ಸುದ್ದಿಯಾಗುತ್ತದೆ. ಅದರ ಪಕ್ಕದಲ್ಲಿ ಎಷ್ಟು ಕ್ಯಾಪ್ಟನ್, ಎಷ್ಟು ಕೋ-ಪೈಲಟ್, ಎಷ್ಟು ಸ್ಟ್ಯಾಂಡ್‌ಬೈ ಎಂಬ ಮೂರು ಸಂಖ್ಯೆಗಳನ್ನೂ ಪ್ರಕಟಿಸಿದರೆ ಸಾಕು, 65 ಕ್ಯಾಪ್ಟನ್‌ಗಳ ಕೊರತೆಯಂಥದ್ದು ಅಕ್ಟೋಬರ್‌ನಲ್ಲೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಪೈಲಟ್‌ಗಳು ಕೊಡುವ ದಣಿವಿನ ದೂರುಗಳ ಬಗ್ಗೆ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂದು ಹೊಸ ನಿಯಮದಲ್ಲೇ ಇದೆ. ಮುಂದಿನ ಚಳಿಗಾಲದ ಪಟ್ಟಿಗೆ ಸಹಿ ಹಾಕುವ ಮೊದಲು ಅಧಿಕಾರಿಗಳು ಆ ವರದಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರಬೇಕು.